ಗ್ರಾಫಿಕ್ ಡಿಸೈನ್ ಓದೋರಿಗೆ ಕಸುಬು ಯಾವುದು, ಗುರುತು ಯಾವುದು?

ಪ್ರವೇಶ ಪರೀಕ್ಷೆ, ಫೀಸು, ಪೋರ್ಟ್‌ಫೋಲಿಯೊ, ಫಾಂಟು, ಕಾಪಿರೈಟು. ಡಿಸೈನ್ ಕಲಿಯಲು ಹೊರಟ ಕನ್ನಡದ ಹುಡುಗ ಹುಡುಗಿಯರು ತಿಳಿದಿರಬೇಕಾದ ಕೆಲವು ಸಂಗತಿಗಳು.

2023ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಬೆಂಗಳೂರಿನ ರಸ್ತೆಗಳಲ್ಲಿ ಇಂಗ್ಲಿಷ್ ಬೋರ್ಡುಗಳನ್ನು ಕಿತ್ತುಹಾಕಿದ್ದು ನೆನಪಿರಬಹುದು. ಅದಾದ ಮೇಲೆ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ, ಕಚೇರಿ, ಆಸ್ಪತ್ರೆ, ಹೋಟೆಲ್ ಯಾವುದೇ ಇರಲಿ, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡುಗಳು ಬದಲಾದವು. ಆದರೆ ಒಮ್ಮೆ ನಿಂತು ಆ ಬೋರ್ಡುಗಳನ್ನು ನೋಡಿ. ಇಂಗ್ಲಿಷ್ ಹೆಸರಿಗೆ ಒಬ್ಬ ಡಿಸೈನರ್ ತಿಂಗಳುಗಟ್ಟಲೆ ಕೂತು ತಿದ್ದಿದ ಅಕ್ಷರ. ಅದರ ಮೇಲಿರುವ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಫಾಂಟನ್ನು ಅಡ್ಡಡ್ಡ ಎಳೆದು ಅಳತೆಗೆ ಕೂರಿಸಿದ್ದಾರೆ. ಕಾನೂನು ಜಾಗ ಕೊಡಿಸಿತು, ವಿನ್ಯಾಸ ಕೊಡಿಸಲಿಲ್ಲ. ಅದು ಕಾನೂನಿನ ಕೆಲಸವೂ ಅಲ್ಲ ಬಿಡಿ.

ಆ ಕೆಲಸ ಯಾರದ್ದು? ಇವತ್ತು ಗ್ರಾಫಿಕ್ ಡಿಸೈನ್ ಓದುತ್ತಿರುವವರದ್ದು. ಅವರ ತರಗತಿಯಲ್ಲಿ ಹೆಚ್ಚು ಕೇಳಿಬರುವ ಮಾತು 'ನಿನ್ನದೇ ಆದ ಸ್ಟೈಲ್ ಹುಡುಕಿಕೋ', 'ನಿನ್ನ ಐಡೆಂಟಿಟಿ ಏನು?'. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಉತ್ತರ ಹುಡುಕುವ ಜಾಗ ಬಹಳ ಸಲ ತಪ್ಪಾಗಿರುತ್ತೆ.

ಎಲ್ಲಿ ಕಲಿಸ್ತಾರೆ, ಏನಂತ ಕರೀತಾರೆ?

ಮೊದಲ ಗೊಂದಲ ಹೆಸರಿನದ್ದೇ. ಚಿತ್ರಕಲಾ ಕಾಲೇಜುಗಳಲ್ಲಿ 'ಗ್ರಾಫಿಕ್ಸ್' ಎಂಬ ವಿಭಾಗ ಕಂಡರೆ ಅದು ಗ್ರಾಫಿಕ್ ಡಿಸೈನ್ ಅಲ್ಲ. ಮರದ ಅಚ್ಚು, ತಾಮ್ರದ ತಟ್ಟೆ, ಕಲ್ಲಚ್ಚುಗಳಿಂದ ಚಿತ್ರ ಮುದ್ರಿಸುವ ಕಲೆ ಅದು. ಪೋಸ್ಟರ್, ಲೋಗೊ, ಪುಸ್ತಕ, ಜಾಹೀರಾತು ಮಾಡುವುದನ್ನು ಅಲ್ಲಿ 'ಅಪ್ಲೈಡ್ ಆರ್ಟ್' ಅಥವಾ ಅನ್ವಯಿಕ ಕಲೆ ಅಂತಾರೆ. ಅದೇ ಕೆಲಸಕ್ಕೆ ಡಿಸೈನ್ ಸಂಸ್ಥೆಗಳಲ್ಲಿ 'ಕಮ್ಯುನಿಕೇಶನ್ ಡಿಸೈನ್', 'ಗ್ರಾಫಿಕ್ ಡಿಸೈನ್', 'ವಿಷುವಲ್ ಕಮ್ಯುನಿಕೇಶನ್' ಎಂಬ ಹೆಸರುಗಳು. ಮೊದಲನೆಯ ದಾರಿಯಲ್ಲಿ ಸಿಗುವುದು ಬಿವಿಎ ಪದವಿ, ಎರಡನೆಯದರಲ್ಲಿ ಬಿಡಿಸ್. ಎರಡೂ ಸಾಮಾನ್ಯವಾಗಿ 4 ವರ್ಷ.

ಕರ್ನಾಟಕದಲ್ಲಿ ಮೊದಲ ದಾರಿಗೆ ಹಳೆಯ ಬೇರುಗಳಿವೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಕಲಬುರಗಿಯ ಎಂಎಂಕೆ, ಮಂಗಳೂರಿನ ಮಹಾಲಸಾ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆ ಹಳ್ಳಿಗಳಿಂದ ಬಂದ ಎಷ್ಟೋ ಹುಡುಗರಿಗೆ ಆಸರೆಯಾಗಿತ್ತು. ಕನ್ನಡ ಪತ್ರಿಕೆಗಳ ಓದುಗರಿಗೆ ತಲೆಮಾರಿನ ಕಾಲ ಪರಿಚಿತರಾದ ಚಂದ್ರನಾಥ ಆಚಾರ್ಯ ಅಲ್ಲಿಂದ ಬಂದವರು. ಎರಡನೇ ದಾರಿ ಶುರುವಾಗಿದ್ದು ದೆಹಲಿಯ ಆಸಕ್ತಿಯಿಂದ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ನಮ್ಮ ಸಾದಾ ಲೋಟ, ಅಂದರೆ ತಂಬಿಗೆಯಂಥ ಪಾತ್ರೆಯನ್ನು ಅತ್ಯುತ್ತಮ ವಿನ್ಯಾಸ ಎಂದು ಹೊಗಳಿದ ವರದಿ ಅದು. 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಹುಟ್ಟಿತು, 1969ರಲ್ಲಿ ಐಐಟಿ ಬಾಂಬೆಯಲ್ಲಿ ಐಡಿಸಿ ಬಂತು. ಬೆಂಗಳೂರಿನಲ್ಲಿ ಸೃಷ್ಟಿ ಶುರುವಾಗಿದ್ದು 1996ರಲ್ಲಿ. ಈಗಂತೂ ಖಾಸಗಿ ವಿಶ್ವವಿದ್ಯಾಲಯಗಳೆಲ್ಲ ಒಂದೊಂದು ಡಿಸೈನ್ ಸ್ಕೂಲ್ ತೆರೆದಿವೆ.

ಈ ಎರಡು ದಾರಿಗಳ ನಡುವೆ ಇರುವುದು ಪಠ್ಯದ ವ್ಯತ್ಯಾಸ ಮಾತ್ರವಲ್ಲ, ವರ್ಗದ ವ್ಯತ್ಯಾಸ ಕೂಡ. ಬಿವಿಎ ಕಾಲೇಜಿನಲ್ಲಿ ಕೊಪ್ಪಳದ, ಬೀದರಿನ, ಹಾಸನದ ಕನ್ನಡ ಮಾಧ್ಯಮದ ಹುಡುಗರು ಸಿಗುತ್ತಾರೆ. ಖಾಸಗಿ ಡಿಸೈನ್ ಸ್ಕೂಲಿನ ವರ್ಷದ ಫೀಸು ಲಕ್ಷಗಳಲ್ಲಿರುವುದರಿಂದ ಅಲ್ಲಿನ ಕ್ಯಾಂಟೀನಿನ ಭಾಷೆಯೇ ಬೇರೆ. ಉದ್ಯೋಗದ ಮಾರುಕಟ್ಟೆಯಲ್ಲಿ ಒಬ್ಬರನ್ನು 'ಡಿಸೈನರ್' ಅಂತಾರೆ, ಇನ್ನೊಬ್ಬರನ್ನು 'ಆರ್ಟಿಸ್ಟ್' ಅಥವಾ 'ಡಿಟಿಪಿ ಹುಡುಗ' ಅಂತಾರೆ. ಮಾಡುವ ಕೆಲಸ ಎಷ್ಟೋ ಸಲ ಒಂದೇ. ಸಂಬಳ ಒಂದೇ ಅಲ್ಲ.

ಗೇಟಿನಲ್ಲಿ ನಿಂತ ಪರೀಕ್ಷೆ

ಐಐಟಿಗಳ ಬಿಡಿಸ್‌ಗೆ ಯುಸೀಡ್ ಎಂಬ ಪರೀಕ್ಷೆ ಇದೆ, 2015ರಿಂದ ಐಐಟಿ ಬಾಂಬೆ ನಡೆಸುತ್ತಿದೆ. ಅದರಲ್ಲಿ ಕಂಪ್ಯೂಟರಿನಲ್ಲಿ ಉತ್ತರಿಸುವ ಒಂದು ಭಾಗ, ಕೈಯಲ್ಲಿ ಚಿತ್ರ ಬರೆಯುವ ಒಂದು ಭಾಗ. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ. ಎನ್‌ಐಡಿಯ ಪರೀಕ್ಷೆ ಎರಡು ಹಂತದ್ದು: ಪ್ರಿಲಿಮ್ಸ್, ಮೇನ್ಸ್. ಇವು ಸಾರ್ವಜನಿಕ ಸಂಸ್ಥೆಗಳಾದ್ದರಿಂದ ಮೀಸಲಾತಿ ಇದೆ, ಇದು ಗೊತ್ತಿಲ್ಲದೆಯೇ ಅರ್ಜಿ ಹಾಕದ ಮಕ್ಕಳು ನಮ್ಮ ಪಿಯು ಕಾಲೇಜುಗಳಲ್ಲಿ ಬೇಕಾದಷ್ಟು ಸಿಗ್ತಾರೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಸಿಗುವ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಬಗ್ಗೆಯೂ ಕಾಲೇಜಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಪರೀಕ್ಷೆಯ ಭಾಷೆಗಿಂತ ಸೂಕ್ಷ್ಮವಾದ ಅಡ್ಡಗೋಡೆ ಇನ್ನೊಂದಿದೆ. ಅದರ ಹೆಸರು 'ಎಕ್ಸ್‌ಪೋಷರ್'. ಸಂದರ್ಶನದಲ್ಲಿ ಪೋರ್ಟ್‌ಫೋಲಿಯೊ ತಿರುವಿ ಹಾಕುತ್ತಾ 'ಹುಡುಗಿಗೆ ಎಕ್ಸ್‌ಪೋಷರ್ ಕಮ್ಮಿ' ಎಂದುಬಿಡುವುದು ಸುಲಭ. ಮ್ಯೂಸಿಯಂ ನೋಡಿಲ್ಲ, ಸ್ವಿಸ್ ಪೋಸ್ಟರ್ ಗೊತ್ತಿಲ್ಲ, ಹೆಲ್ವೆಟಿಕಾ ಕೇಳಿಲ್ಲ ಎಂಬುದು ಅದರ ಅರ್ಥ. ಅದೇ ಹುಡುಗಿ ಸುಗ್ಗಿಗೆ ಹಾಕಿದ ರಂಗೋಲಿಯ ಚುಕ್ಕಿಗಳ ಲೆಕ್ಕ, ಕೌದಿಯ ಬಣ್ಣಗಳ ಜೋಡಣೆ, ಜಾತ್ರೆ ಕರಪತ್ರದಲ್ಲಿ ಒಂದೇ ಹಾಳೆಗೆ ನಲವತ್ತು ಹೆಸರು ಕೂರಿಸುವ ಚಾತುರ್ಯ ನೋಡಿಕೊಂಡೇ ಬೆಳೆದಿರುತ್ತಾಳೆ. ಅದು ಎಕ್ಸ್‌ಪೋಷರ್ ಲೆಕ್ಕಕ್ಕೆ ಬರಲ್ಲ. ಯಾರು ಏನು ನೋಡಿದ್ದಾರೆ ಎಂಬುದಲ್ಲ, ನೋಡಿದ್ದರ ಬಗ್ಗೆ ಮಾತಾಡುವ ಭಾಷೆ ಯಾರ ಬಳಿ ಇದೆ ಎಂಬುದೇ ಇಲ್ಲಿ ತೂಕಕ್ಕೆ ಬೀಳೋದು.

ಹಾಗಾಗಿ ಪೋರ್ಟ್‌ಫೋಲಿಯೊ ಮಾಡುವವರಿಗೆ ಒಂದು ಮಾತು. ನೆಟ್‌ನಲ್ಲಿ ನೋಡಿದ ಕಾಫಿ ಬ್ರ್ಯಾಂಡಿನ ಲೋಗೊ, ಇಲ್ಲದ ಕಂಪನಿಗೊಂದು ಆ್ಯಪ್, ಇವು ಎಲ್ಲರ ಬಳಿಯೂ ಇರುತ್ತವೆ. ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಓದಲು ಬಾರದ ಅಜ್ಜಿ ತನ್ನ ಬಸ್ಸನ್ನು ಹೇಗೆ ಗುರುತಿಸ್ತಾಳೆ ಎಂದು ಎರಡು ದಿನ ಕೂತು ಗಮನಿಸಿ, ಅದಕ್ಕೊಂದು ಫಲಕ ಮಾಡಿ, ಅದು ಯಾಕೆ ಕೆಲಸ ಮಾಡಲಿಲ್ಲ ಎಂದು ಬರೆದು, ಎರಡನೆಯದು ಮಾಡಿ. ಹತ್ತು ಪುಟದ ಇಂಥ ಒಂದು ಕೆಲಸ ನಲವತ್ತು ಲೋಗೊಗಳಿಗಿಂತ ಭಾರ ತೂಗುತ್ತದೆ.

ಅಕ್ಷರದ ಹೊಟ್ಟೆ, ಅಕ್ಷರದ ಕಾಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ರಾಫಿಕ್ ಡಿಸೈನಿನ ಅರ್ಧ ಕೆಲಸ ಅಕ್ಷರದ್ದು. ಡಿಸೈನ್ ಓದುವಾಗ ಟೈಪೋಗ್ರಫಿ ತರಗತಿಯಲ್ಲಿ ಹೆಚ್ಚಾಗಿ ಕಲಿಸುವುದು ರೋಮನ್ ಅಕ್ಷರಗಳನ್ನು: ಸೆರಿಫ್, ಎಕ್ಸ್-ಹೈಟ್, ಕೌಂಟರ್, ಬೇಸ್‌ಲೈನ್. ಅದನ್ನು ಕಲೀಲೇಬೇಕು. ಆದರೆ ಕನ್ನಡ ಲಿಪಿಗೆ ಅದೇ ಅಳತೆಪಟ್ಟಿ ಹಿಡಿದರೆ ಅಳತೆ ತಪ್ಪುತ್ತದೆ.

ಕನ್ನಡ ಅಕ್ಷರದ ಅಂಗಗಳಿಗೆ ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಹೆಸರು ಕಲಿಸಿದ್ದಾರೆ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ವಟ್ರಸುಳಿ, ಅರ್ಕಾವೊತ್ತು, ಸೊನ್ನೆ. ಜಗತ್ತಿನ ಎಷ್ಟು ಭಾಷೆಗಳ ಮಕ್ಕಳಿಗೆ ಆರನೇ ವಯಸ್ಸಿಗೇ ತಮ್ಮ ಲಿಪಿಯ ಭಾಗಗಳ ಹೆಸರು ಗೊತ್ತಿರುತ್ತೆ ಹೇಳಿ! ಈ ಪದಗಳನ್ನು ಡಿಸೈನ್ ಸ್ಟುಡಿಯೊಕ್ಕೆ ತಂದುಕೊಳ್ಳುವುದೇ ಮೊದಲ ಹೆಜ್ಜೆ.

ಆಮೇಲೆ ಸಮಸ್ಯೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಹಿಂದಿಯ ಶಿರೋರೇಖೆ ಪದವನ್ನು ಪೂರ್ತಿ ಕಟ್ಟಿ ನಿಲ್ಲಿಸುತ್ತದೆ. ನಮ್ಮ ತಲೆಕಟ್ಟು ಒಂದೊಂದು ಅಕ್ಷರಕ್ಕೆ ಬೇರೆ ಬೇರೆ, ಅದೂ ಎಲ್ಲಕ್ಕೂ ಇಲ್ಲ. ಖ, ಜ, ಟ, ಣ, ಬ, ಲ ತಲೆಕಟ್ಟಿಲ್ಲದ ಅಕ್ಷರಗಳು. ಹಾಗಾಗಿ ಒಂದೇ ಪದದಲ್ಲಿ ಮೇಲಿನ ಗೆರೆ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ. ಈ ಏರಿಳಿತವನ್ನು ಸರಿದೂಗಿಸುವುದು ಕಣ್ಣಿನ ಕೆಲಸ, ಗ್ರಿಡ್ಡಿನದ್ದಲ್ಲ.

ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಅಕ್ಷರವನ್ನು ಚಿಕ್ಕದು ಮಾಡಿದಾಗ ಅಥವಾ ದಪ್ಪ ಮಾಡಿದಾಗ ಆ ಸೀಳು ಮುಚ್ಚಿಹೋದರೆ 'ಧನ' ಹೋಗಿ 'ದನ' ಆಗುತ್ತದೆ. ಬ್ಯಾಂಕಿನ ಆ್ಯಪ್ ಮಾಡುವವರಿಗೆ ಇದು ತಮಾಷೆಯಲ್ಲ. ಕ್ಷ, ಋ, ಞ ಥರದ ಒತ್ತೊತ್ತಾದ ಅಕ್ಷರಗಳನ್ನು ಬೋಲ್ಡ್ ಮಾಡಿ ನೋಡಿ. ಒಳಗಿನ ಬಿಳಿ ಜಾಗ, ಅಂದರೆ ಅಕ್ಷರದ ಹೊಟ್ಟೆ, ಕಪ್ಪಾಗಿಬಿಡುತ್ತದೆ. ಬಿಳಿಯನ್ನು ಉಳಿಸಿಕೊಂಡು ಕಪ್ಪನ್ನು ಹೆಚ್ಚಿಸುವುದು ಹೇಗೆ ಎಂಬುದಕ್ಕೆ ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್ ಕೊಟ್ಟರೂ ನಷ್ಟವಿಲ್ಲ.

ಇನ್ನು ಒತ್ತಕ್ಷರ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂದು ಬರೆಯಿರಿ, ಅಕ್ಷರದ ಕಾಲು ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಕೆಳಗಿನ ಸಾಲಿನಲ್ಲಿ ಗುಡಿಸಿನ ದೀರ್ಘ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇ. 120. ಅದು ಇಂಗ್ಲಿಷನ್ನು ನೋಡಿ ಇಟ್ಟ ಲೆಕ್ಕ. ಕನ್ನಡಕ್ಕೆ 140ರಿಂದ ಶುರುಮಾಡಿ, ಕಣ್ಣಿಗೆ ಉಸಿರಾಡಲು ಜಾಗ ಸಿಗುವವರೆಗೆ ಹೆಚ್ಚಿಸುತ್ತಾ ಹೋಗಿ. ಒತ್ತು ಹೆಚ್ಚು ಬರುವ ಪಠ್ಯಕ್ಕೆ ಹೆಚ್ಚು, ಮಕ್ಕಳ ಪದ್ಯಕ್ಕೆ ಕಮ್ಮಿ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ, ಇಟಾಲಿಕ್ ಪರಂಪರೆಯೂ ಇಲ್ಲ. ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಅಕ್ಷರ ವಾಲುತ್ತದೆ, ಅದು ಇಟಾಲಿಕ್ ಅಲ್ಲ, ಬೀಳುತ್ತಿರುವ ಅಕ್ಷರ. ಹಾಗಾದರೆ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಓದುಗರಿಗೆ ತೋರಿಸುವುದು ಹೇಗೆ? ಗಾತ್ರ, ತೂಕ, ಬಣ್ಣ, ಖಾಲಿ ಜಾಗ. ಇಷ್ಟರಲ್ಲೇ ಸಂಸಾರ ನಡೆಸಬೇಕು. ಈ ಬಡತನದಲ್ಲೇ ಕನ್ನಡದ ಪುಟಕ್ಕೆ ಅದರದೇ ರೂಪ ಸಿಗೋದು.

ಅಭ್ಯಾಸ ಹೇಗೆ? ಚಪ್ಪಟೆ ಬ್ರಷ್ ಅಥವಾ ಓರೆಯಾಗಿ ಕತ್ತರಿಸಿದ ಬಿದಿರಿನ ಕಡ್ಡಿ, ಹಳೇ ಪೇಪರ್, ಒಂದು ಬಾಟಲಿ ಶಾಯಿ. ದಿನಕ್ಕೊಂದು ಅಕ್ಷರವನ್ನು ಐವತ್ತು ಸಲ ಬರೆಯಿರಿ. ಹಳೆಯ ಪುಸ್ತಕದ ಒಂದು ಸಾಲನ್ನು ಟ್ರೇಸಿಂಗ್ ಹಾಳೆ ಇಟ್ಟು ನಕಲು ಮಾಡಿ. ನಿಮ್ಮೂರಿನ ವೀರಗಲ್ಲಿನ ಬರಹದ ಮೇಲೆ ಬೆಳಗಿನ ಓರೆ ಬೆಳಕು ಬಿದ್ದಾಗ ಫೋಟೊ ತೆಗೆದು ಅಕ್ಷರಗಳನ್ನು ಬಿಡಿಸಿ ನೋಡಿ. ನಕಲು ಮಾಡಿದರೆ ಸ್ವಂತಿಕೆ ಹೋಗುತ್ತೆ ಎನ್ನುವವರನ್ನು ನಂಬಬೇಡಿ. ಸಂಗೀತ ಕಲಿಯುವವರು ವರ್ಷಗಟ್ಟಲೆ ಸರಳೆ ವರಸೆ ಹಾಡಲ್ವಾ?

ಇತಿಹಾಸದ ಒಂದು ತುಣುಕು ಇಲ್ಲಿ ಹೇಳಲೇಬೇಕು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದು ಬಂಗಾಳದ ಸೆರಾಂಪುರದಲ್ಲಿ. ನಮ್ಮ ಅಚ್ಚುಮೊಳೆಗಳ ಬಾಲ್ಯ ನಮ್ಮ ನಾಡಿನ ಹೊರಗೆ ಕಳೆಯಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ತಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಅಂದರೆ ಮೊದಲ ಕನ್ನಡ ಪತ್ರಿಕೆಯ ಅಕ್ಷರಗಳು ಮೊಳೆ ಜೋಡಿಸಿದವಲ್ಲ, ಯಾರೋ ಕೈಯಲ್ಲಿ ಬರೆದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋದ ಮೇಲೆಯೇ ಮೊಳೆಗೆ ಬದಲಾಗಿದ್ದು. ಸಂಪಾದಕರ ಹೆಸರಲ್ಲಿ ಪ್ರತಿವರ್ಷ ಪತ್ರಿಕಾ ದಿನ ಆಚರಿಸ್ತೇವೆ. ಆ ಅಕ್ಷರ ಬರೆದ ಕೈ ಯಾರದ್ದು ಅಂತ ಯಾರೂ ಕೇಳಲ್ಲ.

ಕಂಪ್ಯೂಟರ್ ಎಂಬ ಹಳೇ ತಲೆನೋವು

ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಮೀಸಲಾಗಿದೆ. ಒತ್ತಕ್ಷರಗಳು ಅದರಲ್ಲಿಲ್ಲ. ಅವನ್ನು ಕಟ್ಟಿ ತೋರಿಸುವುದು ಫಾಂಟ್ ಮತ್ತು ಸಾಫ್ಟ್‌ವೇರ್ ಸೇರಿ ಮಾಡುವ ಕೆಲಸ. ಇದು ಗೊತ್ತಿಲ್ಲದೆ ಎಷ್ಟೋ ಜನ 'ಫೋಟೊಶಾಪ್‌ನಲ್ಲಿ ಕನ್ನಡ ಒಡೆಯುತ್ತೆ' ಎಂದು ಹಳೇ ದಾರಿಗೆ ಮರಳ್ತಾರೆ. ಫೋಟೊಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಹಾಕಿ. ಅರ್ಕಾವೊತ್ತು ತನ್ನ ಜಾಗದಲ್ಲಿ ಕೂರುತ್ತದೆ.

ಹಳೇ ದಾರಿ ಅಂದರೆ ನುಡಿ, ಶ್ರೀಲಿಪಿ, ಬರಹಗಳ ಯುನಿಕೋಡ್-ಪೂರ್ವ ಫಾಂಟುಗಳು. ಕನ್ನಡವನ್ನು ಕಂಪ್ಯೂಟರಿಗೆ ತಂದ ಶ್ರೇಯಸ್ಸು ಇವಕ್ಕೆ ಸಲ್ಲಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಫಾಂಟಿನಲ್ಲಿ ಕೂರಿಸಿದ 'ಕರ್ನಾಟಕ' ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಹುಡುಕಿದರೆ ಸಿಗಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲ್ಲ. ಹಕ್ಕುಗಳ ಬಗ್ಗೆ ಪುಸ್ತಕ ಮಾಡಿ ಅದರ ಪಿಡಿಎಫ್ ಅಂಧರಿಗೆ ಓದಲಾಗದಂತೆ ಹಂಚಿದರೆ, ಅದು ತಾಂತ್ರಿಕ ಸಮಸ್ಯೆ ಮಾತ್ರ ಅನ್ನೋಕಾಗಲ್ಲ.

ದುಬಾರಿ ಸಾಫ್ಟ್‌ವೇರ್ ಇಲ್ಲದೆಯೂ ಕಲಿಯಬಹುದು. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್, ಸ್ಕ್ರೈಬಸ್ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಅಕಾಯ ಕನಡಕ, ಟಿರೊ ಕನ್ನಡ ಸಿಗುತ್ತವೆ, ಮುಕ್ತ ಪರವಾನಗಿಯಲ್ಲಿ. ಅಂದರೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನನ್ನ ಕೇಳಿದರೆ ಡೌನ್‌ಲೋಡ್ ಮಾಡಿಕೊಂಡು ಪೋಸ್ಟರಿಗೆ ಹಾಕುವುದಕ್ಕಿಂತ ಅವನ್ನು ಬಿಚ್ಚಿ ನೋಡುವುದೇ ದೊಡ್ಡ ಪಾಠ. ರೋಮನ್ ಲಿಪಿಗೆ ಇರುವ ಸಾವಿರಾರು ಫಾಂಟುಗಳ ಎದುರು ಈ ಪಟ್ಟಿ ಎಷ್ಟು ಗಿಡ್ಡ ಅನ್ನೋದೂ ಆಗ ಗೊತ್ತಾಗುತ್ತದೆ.

ಗೋಡೆ ಬರೆದವರು

ಕನ್ನಡ ಅಕ್ಷರದ ನಿಜವಾದ ವಿಶ್ವವಿದ್ಯಾಲಯ ಇದ್ದದ್ದು ರಸ್ತೆ ಬದಿಯಲ್ಲಿ. ಬೋರ್ಡ್ ಬರೆಯುವ ಆರ್ಟಿಸ್ಟುಗಳು, ಲಾರಿಗೆ ಬಣ್ಣ ಹೊಡೆಯುವವರು, ಟೆಂಟ್ ಸಿನಿಮಾದ ಬ್ಯಾನರ್ ಮಾಡುವವರು, ಚುನಾವಣೆಗೆ ಗೋಡೆ ಬರೆಯುವವರು, ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಮೊಳೆ ಜೋಡಿಸಿದವರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಹೋಯಿತು. 2018ರಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ತೆರವಾದವಾದರೂ ಪೇಂಟರುಗಳಿಗೆ ಕೆಲಸ ಮರಳಲಿಲ್ಲ.

ಅವರ ಬಳಿ ಹೋಗಿ ಕಲಿಯಿರಿ. ಎರಡಡಿ ಜಾಗದಲ್ಲಿ 'ಶ್ರೀ ವೆಂಕಟೇಶ್ವರ ಫ್ಯಾನ್ಸಿ ಸ್ಟೋರ್ಸ್' ಕೂರಿಸಲು ಯಾವ ಅಕ್ಷರವನ್ನು ಹಿಗ್ಗಿಸಬೇಕು, ಯಾವ ಒತ್ತನ್ನು ಮುಂದಿನ ಅಕ್ಷರದ ಕಂಕುಳಲ್ಲಿ ತೂರಿಸಬೇಕು ಎಂಬುದು ಅವರಿಗೆ ಗೊತ್ತು. ಪುಸ್ತಕದಲ್ಲಿ ಇದು ಸಿಗಲ್ಲ. ಹನೀಫ್ ಕುರೇಶಿ ಎಂಬ ಡಿಸೈನರ್ 'ಹ್ಯಾಂಡ್‌ಪೇಂಟೆಡ್ ಟೈಪ್' ಎಂಬ ಯೋಜನೆ ನಡೆಸಿ ಉತ್ತರ ಭಾರತದ ಬೀದಿ ಪೇಂಟರುಗಳ ಅಕ್ಷರಗಳನ್ನು ಫಾಂಟುಗಳಾಗಿಸಿದರು, ಫಾಂಟಿಗೆ ಆ ಪೇಂಟರಿನ ಹೆಸರನ್ನೇ ಇಟ್ಟರು. ಕುರೇಶಿ 2024ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಆ ಪ್ರಮಾಣದ ಕೆಲಸ ಬಾಕಿಯಿದೆ, ಆ ಪೇಂಟರುಗಳಿಗೆ ವಯಸ್ಸಾಗುತ್ತಿದೆ.

ಒಂದು ಎಚ್ಚರ ಮಾತ್ರ ಬೇಕು. ಲಾರಿ ಅಕ್ಷರ, ಬೆಂಕಿಪೊಟ್ಟಣದ ಲೇಬಲ್ಲುಗಳನ್ನು ದುಬಾರಿ ಕೆಫೆಯ ಗೋಡೆಗೆ 'ದೇಸಿ ವೈಬ್' ಎಂದು ಅಂಟಿಸುವ ಫ್ಯಾಶನ್ ಇದೆ. ಬರೆದವನ ಹೆಸರಿಲ್ಲ, ಅವನಿಗೆ ಕಾಸಿಲ್ಲ. ಕಲಿತದ್ದಕ್ಕೆ ಹೆಸರು ಹಾಕಿ, ಬಳಸಿದ್ದಕ್ಕೆ ದುಡ್ಡು ಕೊಡಿ.

ಸ್ಟೈಲ್ ಬೇರೆ, ಗುರುತು ಬೇರೆ

2025ರ ಮಾರ್ಚ್‌ನಲ್ಲಿ ಇಡೀ ಇಂಟರ್ನೆಟ್ ಜಿಬ್ಲಿ ಚಿತ್ರಗಳಿಂದ ತುಂಬಿಹೋಗಿತ್ತು. ಹಯಾವೊ ಮಿಯಾಜಾಕಿ ಮತ್ತು ಸಂಗಡಿಗರು ದಶಕಗಳ ಕಾಲ ಕೈಯಲ್ಲಿ ಬಿಡಿಸಿ ಕಟ್ಟಿದ ಶೈಲಿ ಒಂದು ವಾರದಲ್ಲಿ ಬಟನ್ ಆಯಿತು. ಗುರುತು ಅಂದರೆ ಸ್ಟೈಲ್ ಎಂದು ನಂಬಿದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಆಘಾತ ಇರಲಿಕ್ಕಿಲ್ಲ. ಬಣ್ಣದ ಪಟ್ಟಿ, ಗೆರೆಯ ದಪ್ಪ, ಇನ್‌ಸ್ಟಾಗ್ರಾಂ ಪುಟದ ಒಂದೇ ಥರದ ಚೌಕಗಳು, ಇವನ್ನೆಲ್ಲ ಯಂತ್ರ ಕದಿಯುತ್ತದೆ. ನೀವು ಯಾವ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದ್ದೀರಿ, ಯಾರಿಗಾಗಿ ಕೆಲಸ ಮಾಡಿದ್ದೀರಿ ಎಂಬುದನ್ನು ಕದಿಯುವುದು ಕಷ್ಟ. ಅಂದಹಾಗೆ ಈ ಎಐ ಟೂಲ್‌ಗಳು ಕನ್ನಡದ ಒತ್ತಕ್ಷರ ಬಂದಾಗ ಇನ್ನೂ ಎಡವುತ್ತವೆ. ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಇವತ್ತಲ್ಲ ನಾಳೆ ಕಲಿಯುತ್ತವೆ.

ಉದಯ ಕುಮಾರ್ ಅವರ ಕಥೆ ಇಲ್ಲಿ ಹೊಂದುತ್ತದೆ. ಐಐಟಿ ಬಾಂಬೆಯ ಐಡಿಸಿಯಲ್ಲಿ ಅವರು ಸಂಶೋಧನೆ ಮಾಡಿದ್ದು ತಮಿಳು ಅಕ್ಷರ ವಿನ್ಯಾಸದ ಬಗ್ಗೆ. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿಕೊಂಡ ರೂಪಾಯಿ ಚಿಹ್ನೆ ಅವರದ್ದೇ. ತಮಿಳು ಅಕ್ಷರ ತಿದ್ದಿ ತಿದ್ದಿ ಪಳಗಿದ ಕೈ ದೇವನಾಗರಿಯ 'ರ' ಮತ್ತು ರೋಮನ್ 'ಆರ್' ಸೇರಿಸಿ ಚಿಹ್ನೆ ಮಾಡಿತು. 15 ವರ್ಷಗಳ ನಂತರ, 2025ರ ಬಜೆಟ್ ಲೋಗೊದಲ್ಲಿ ತಮಿಳುನಾಡು ಸರ್ಕಾರ ಅದೇ ಚಿಹ್ನೆ ತೆಗೆದು ತಮಿಳಿನ 'ರೂ' ಹಾಕಿತು. ಡಿಸೈನರಿನ ಊರಿನ ಸರ್ಕಾರವೇ! ಲಿಪಿ ಎಂಬುದು ಈ ದೇಶದಲ್ಲಿ ಎಂದೂ ಬರೀ ಆಕಾರ ಅಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಾ? 2017ರಲ್ಲಿ ನಮ್ಮ ಮೆಟ್ರೊದ ಹಿಂದಿ ಫಲಕಗಳ ವಿರುದ್ಧ ನಡೆದ ಗಲಾಟೆಯೂ ಒಂದರ್ಥದಲ್ಲಿ ಡಿಸೈನ್ ವಿಮರ್ಶೆಯೇ.

ಕನ್ನಡದ ವಿದ್ಯಾರ್ಥಿ ತನ್ನ ಗುರುತು ತೋರಿಸಬೇಕು ಎಂದಾಗ ತಟ್ಟನೆ ಕೈಗೆ ಸಿಗುವುದು ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಅರಿಶಿನ ಕುಂಕುಮ ಬಣ್ಣ. ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರ್ ಈ ಕೆಲಸವನ್ನು ಚೆನ್ನಾಗೇ ಮಾಡುತ್ತಿದೆ, ಬಿಡಿ. ನೀವು ಕರಾವಳಿಯವರೇ ಆಗಿದ್ದರೂ ನಿಮ್ಮ ಬದುಕಿನಲ್ಲಿ ಯಕ್ಷಗಾನಕ್ಕಿಂತ ಬೀಡಿ ಕಟ್ಟುವ ಅಮ್ಮನ ಬೆರಳುಗಳೇ ಹೆಚ್ಚು ಇದ್ದಿರಬಹುದು. ಅದರಿಂದ ಶುರುಮಾಡಿ.

ಜಾತಿಯ ವಿಷಯದಲ್ಲಿ ಇದು ಇನ್ನೂ ಸಂಕೀರ್ಣ. 'ಬೇಕರಿ ಪ್ರಸಾದ್' ಎಂಬ ಹೆಸರಿನಲ್ಲಿ ಕೆಲಸ ಮಾಡುವ ಸಿದ್ಧೇಶ್ ಗೌತಮ್ ಅಂಬೇಡ್ಕರ್ ಮತ್ತು ಬಹುಜನ ಚರಿತ್ರೆಯನ್ನು ಹೊಸ ತಲೆಮಾರಿನ ಫೋನ್‌ಗಳಿಗೆ ತಲುಪಿಸಿದ್ದಾರೆ. ನಮ್ಮಲ್ಲಿ ದಲಿತ ಚಳವಳಿಯ 'ಪಂಚಮ' ಪತ್ರಿಕೆ, ಡಿಎಸ್‌ಎಸ್ ಕರಪತ್ರಗಳು, ಗೋಡೆ ಬರಹಗಳು ಒಂದು ದೃಶ್ಯ ಪರಂಪರೆ. ಅದನ್ನು ಯಾವ ಡಿಸೈನ್ ಪಠ್ಯವೂ ಪಾಠವಾಗಿ ಇಟ್ಟುಕೊಂಡದ್ದು ನಾನು ನೋಡಿಲ್ಲ. ಅದೇ ಹೊತ್ತಿಗೆ, ದಲಿತ ವಿದ್ಯಾರ್ಥಿ ಪ್ರತಿ ಅಸೈನ್‌ಮೆಂಟಿನಲ್ಲೂ ತನ್ನ ನೋವನ್ನೇ ಪ್ರದರ್ಶಿಸಬೇಕು ಎಂದು ಅಧ್ಯಾಪಕರು ನಿರೀಕ್ಷಿಸುವುದೂ ಒಂದು ಬಗೆಯ ದರ್ಪ. ಮೇಲ್ಜಾತಿಯ ಹುಡುಗನಿಗೆ ಬಿಸ್ಕತ್ ಪೊಟ್ಟಣ ಡಿಸೈನ್ ಮಾಡುವ ಸ್ವಾತಂತ್ರ್ಯ ಇದೆಯಲ್ಲ, ಅದು ಎಲ್ಲರಿಗೂ ಇರಬೇಕು.

ಹೆಸರು ಹಾಕದಿರುವುದೂ ಒಂದು ಗುರುತು. 1968ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಕಲಾಶಾಲೆಯನ್ನು ಆಕ್ರಮಿಸಿಕೊಂಡ ವಿದ್ಯಾರ್ಥಿಗಳು 'ಅಟೆಲಿಯೆ ಪಾಪ್ಯುಲೇರ್' ಎಂಬ ಹೆಸರಿನಲ್ಲಿ ಸ್ಕ್ರೀನ್ ಪ್ರಿಂಟ್ ಪೋಸ್ಟರುಗಳನ್ನು ಮಾಡಿ ರಾತ್ರೋರಾತ್ರಿ ಗೋಡೆಗೆ ಅಂಟಿಸಿದರು. ಒಂದಕ್ಕೂ ಕಲಾವಿದರ ಸಹಿ ಇಲ್ಲ. ಯಾವುದು ಅಚ್ಚಾಗಬೇಕು ಎಂಬುದು ಸಭೆಯಲ್ಲಿ ತೀರ್ಮಾನವಾಗುತ್ತಿತ್ತು. ಅದಕ್ಕೂ ಮೊದಲು, 1964ರಲ್ಲಿ ಲಂಡನ್ನಿನ ಕೆನ್ ಗಾರ್ಲೆಂಡ್ 'ಫಸ್ಟ್ ಥಿಂಗ್ಸ್ ಫಸ್ಟ್' ಎಂಬ ಪ್ರಣಾಳಿಕೆ ಪ್ರಕಟಿಸಿ, ನಮ್ಮ ಕೌಶಲವೆಲ್ಲ ಬೆಕ್ಕಿನ ಆಹಾರ, ಟೂತ್‌ಪೇಸ್ಟ್ ಮಾರಲು ಖರ್ಚಾಗುತ್ತಿದೆ, ಶಿಕ್ಷಣ, ಸಾರ್ವಜನಿಕ ಫಲಕ, ಪುಸ್ತಕಗಳಿಗೆ ಅದು ಸಿಗುತ್ತಿಲ್ಲ ಎಂದು ಕೇಳಿದ್ದರು. 400 ಪ್ರತಿ ಅಚ್ಚಾದ ಆ ಹಾಳೆ 2000ದ ಹೊತ್ತಿಗೆ ಮತ್ತೆ ಹೊಸ ಸಹಿಗಳೊಂದಿಗೆ ಬಂತು. ಟೂತ್‌ಪೇಸ್ಟ್ ಕಂಪನಿಯೇ ಸಂಬಳ ಕೊಡುವುದು ಎಂಬುದು ಆಗಲೂ ಸತ್ಯ, ಈಗಲೂ ಸತ್ಯ. ಮನೆಯ ಇಎಂಐ ಕಟ್ಟಬೇಕಾದವರಿಗೆ ಪ್ರಣಾಳಿಕೆ ಓದಿ ಹೇಳುವುದು ಸುಲಭ. ಹಗಲು ಕಂಪನಿ ಕೆಲಸ, ಭಾನುವಾರ ಗ್ರಂಥಾಲಯಕ್ಕೊಂದು ಪೋಸ್ಟರ್ ಎಂಬ ಹೊಂದಾಣಿಕೆಯಲ್ಲೇ ಹೆಚ್ಚಿನವರು ಬದುಕ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕೆಲಸಗಳು ಕಾಯುತ್ತಿವೆ ಕೂಡ. ಕನ್ನಡದ ಪುಸ್ತಕ ಮುಖಪುಟಗಳಲ್ಲಿ ಕವಿ ಅಪಾರ ಅವರಂಥವರು ಮಾಡಿದ ಕೆಲಸದಿಂದ ಓದುಗರು ಮುಖಪುಟ ನೋಡಿ ಪುಸ್ತಕ ಕೈಗೆತ್ತಿಕೊಳ್ಳುವುದು ರೂಢಿಯಾಗಿದೆ. ವೈಷ್ಣವಿ ಮೂರ್ತಿ ಅವರಂಥ ಅಕ್ಷರ ವಿನ್ಯಾಸಕರ ವರ್ಷಗಳ ದುಡಿಮೆಯ ಫಲವಾಗಿ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯುನಿಕೋಡ್ 16ನೇ ಆವೃತ್ತಿಗೆ ಸೇರಿತು. ಆ ಲಿಪಿಗೆ ಇನ್ನು ಫಾಂಟುಗಳು ಬೇಕು, ಕೀಬೋರ್ಡು ಬೇಕು, ಮಕ್ಕಳ ಪುಸ್ತಕ ಬೇಕು.

ಹೆಸರು, ಹಣ, ಹಕ್ಕು

ಕೊನೆಯದಾಗಿ ಕಾಲೇಜಿನಲ್ಲಿ ಹೇಳಿಕೊಡದ ಪಾಠ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ಕೃತಿಯ ಮೊದಲ ಹಕ್ಕುದಾರರು ಅದನ್ನು ಮಾಡಿದವರು. ಸಂಬಳಕ್ಕೆ ಕೆಲಸ ಮಾಡುವಾಗ ಮಾಡಿದ್ದರೆ ಹಕ್ಕು ಕಂಪನಿಯದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಣ ಕೊಟ್ಟು ಮಾಡಿಸಿದ ಫೋಟೊ, ಪೇಂಟಿಂಗ್, ಭಾವಚಿತ್ರಗಳಿಗೆ ನಿಯಮ ಬೇರೆ, ಅಲ್ಲಿ ಮಾಡಿಸಿದವರೇ ಹಕ್ಕುದಾರರು. ಫ್ರೀಲಾನ್ಸ್ ಆಗಿ ಲೋಗೊ ಮಾಡಿಕೊಟ್ಟರೆ, ನೀವು ಲಿಖಿತವಾಗಿ ಬಿಟ್ಟುಕೊಡುವವರೆಗೆ ಹಕ್ಕು ನಿಮ್ಮದು. 19ನೇ ಸೆಕ್ಷನ್ ಪ್ರಕಾರ ಬಿಟ್ಟುಕೊಡುವ ಪತ್ರಕ್ಕೆ ಸಹಿ ಇರಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ 5 ವರ್ಷ ಎಂದೇ ಅರ್ಥ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಮಾರಿದ ಮೇಲೂ 57ನೇ ಸೆಕ್ಷನ್ ನಿಮ್ಮ ಬೆನ್ನಿಗಿರುತ್ತದೆ: ಕೃತಿ ನಿಮ್ಮದು ಎಂದು ಹೇಳಿಕೊಳ್ಳುವ ಹಕ್ಕು, ಅದನ್ನು ನಿಮ್ಮ ಗೌರವಕ್ಕೆ ಕುಂದು ಬರುವಂತೆ ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು.

'ಎಕ್ಸ್‌ಪೋಷರ್ ಸಿಗುತ್ತೆ, ಫ್ರೀಯಾಗಿ ಮಾಡಿಕೊಡಿ' ಎನ್ನುವವರು ನಿಮ್ಮನ್ನು ಹುಡುಕಿಕೊಂಡು ಬಂದೇ ಬರ್ತಾರೆ. ಚಳವಳಿಯ ಗೆಳೆಯರೂ ಬರ್ತಾರೆ, ಅದೂ ಹಿಂದಿನ ರಾತ್ರಿ ಹನ್ನೊಂದಕ್ಕೆ, ಬೆಳಗ್ಗೆ ಆರಕ್ಕೆ ಪೋಸ್ಟರ್ ಬೇಕು ಅಂತ. ಅವರಿಗೆ ಮಾಡಿಕೊಡಿ, ದುಡ್ಡು ತಗೊಳ್ಳದಿದ್ದರೂ ಪರವಾಗಿಲ್ಲ. ಆದರೆ ಮಾಡಿದ ಕೆಲಸದ ಮೂಲ ಫೈಲು, ತಾರೀಖು, ಕಚ್ಚಾ ಚಿತ್ರಗಳನ್ನು ಇಟ್ಟುಕೊಳ್ಳಿ. ಉಳಿದವರ ಬಳಿ ಅಡ್ವಾನ್ಸ್ ಅರ್ಧ ತಗೊಳ್ಳಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಮೊದಲೇ ಇಮೇಲ್‌ನಲ್ಲಿ ಬರೆಯಿರಿ, ಪುಸ್ತಕವಾದರೆ ಒಳಪುಟದಲ್ಲಿ 'ಮುಖಪುಟ ವಿನ್ಯಾಸ' ಎಂಬ ಸಾಲಿನ ಮುಂದೆ ನಿಮ್ಮ ಹೆಸರು ಸರಿಯಾಗಿ ಬಂದಿದೆಯಾ ಎಂದು ಪ್ರೂಫ್ ಹಂತದಲ್ಲೇ ನೋಡಿಕೊಳ್ಳಿ.